ಎರಡು ಊರಲ್ಲಿ ಹುಟ್ಟಿದ ಹುಡುಗಿ

ಒಂದು ಮದುವೆ ಮಾಡಿಸಲು ಸಾವಿರ ಸುಳ್ಳು ಹೇಳಿದರೂ ದೋಷವಿಲ್ಲ ಎಂದು ನಮ್ಮ ಹಿರಿಯರು ಅಪ್ಪಣೆ ಕೊಟ್ಟು ಹೋಗಿದ್ದಾರೆ. ಪೌರತ್ವದ ಅರ್ಜಿಗೆ ಎಷ್ಟು ಹೇಳಬಹುದೆಂದು ಮಾತ್ರ ಹೇಳಿ ಹೋಗಲಿಲ್ಲ. ಪಾಪ, ಅವರ ಕಾಲದಲ್ಲಿ ಆ ಅರ್ಜಿಯೇ ಇರಲಿಲ್ಲ. ಹಿರಿಯರು ಬಿಟ್ಟುಹೋದ ಈ ಸಣ್ಣ ಸಂದಿಯಲ್ಲಿ ಕಾಲು ಸಿಕ್ಕಿಸಿಕೊಂಡವನು ಹೊಸಪೇಟೆಯ ತಾಡಪತ್ರಿ ಗಾದಿಲಿಂಗಪ್ಪ.

ಸಂಡೂರಿನ ಗುಡ್ಡಗಳನ್ನು ಕಡಿದು ಲಾರಿಗೆ ತುಂಬಿ ಹಗಲಿರುಳೂ ಸಾಗಿಸುತ್ತಿದ್ದ ಕಾಲ ಅದು. ಅದಿರಿನ ಲಾರಿಗೆ ತಾಡಪತ್ರಿ ಹೊದಿಸಬೇಕೆಂದು ಕಾನೂನು. ಹೊದಿಸಿದರೂ ಧೂಳು ಏಳುತ್ತಿತ್ತು. ಊರಿನ ಎಲೆ ಕೆಂಪು, ಎಮ್ಮೆ ಕೆಂಪು, ಒಗೆದು ಹಾಕಿದ ಪಂಚೆ ಕೆಂಪು. ಹೋಟೆಲಿನಲ್ಲಿ ಇಡ್ಲಿ ಬಂದರೆ ಚಟ್ನಿ ಹಚ್ಚಿಯೇ ತಂದರೇನೋ ಅನ್ನಿಸುತ್ತಿತ್ತು. ಈ ಲಾರಿಗಳ ತಾಡಪತ್ರಿ ಹೊಲಿಯುವುದು, ಹರಿದದ್ದಕ್ಕೆ ತೇಪೆ ಹಾಕುವುದು ಗಾದಿಲಿಂಗಪ್ಪನ ಕಸುಬು. ಮನೆಯ ಮುಂಭಾಗವೇ ಅಂಗಡಿ. ಊರೆಲ್ಲ ಗಣಿಯಿಂದ ಸಿರಿವಂತವಾಗುತ್ತಿದ್ದಾಗ ಗಾದಿಲಿಂಗಪ್ಪ ಗಣಿಯ ಹೊದಿಕೆಯಿಂದ ಹೊಟ್ಟೆ ತುಂಬಿಸಿಕೊಂಡಿದ್ದ. ಮನುಷ್ಯ ಒಳ್ಳೆಯವನು. ಆದರೆ ಸರಕಾರವೆಂದರೆ ಅವನಿಗೆ ಕೈಕಾಲು ನಡುಕ. ಖಾಕಿ ಅಂಗಿಯ ಟಪಾಲಿನವನು ಬಂದರೂ ಎದ್ದು ನಿಂತು, "ನಮ್ಮದೇನೂ ತಪ್ಪಿಲ್ರಿ" ಎಂದೇ ಕಾಗದ ತೆಗೆದುಕೊಳ್ಳುತ್ತಿದ್ದ.

ಅವನ ಅಕ್ಕನ ಗಂಡ ಮೆಕ್ಯಾನಿಕ್. ಬಹಳ ಹಿಂದೆಯೇ ಮಲೇಷ್ಯಾದ ಇಪೋ ಎಂಬ ಊರಿನ ತವರದ ಗಣಿಗೆ ಕೆಲಸಕ್ಕೆ ಹೋಗಿ, ಗಂಡಹೆಂಡತಿ ಇಬ್ಬರೂ ಅಲ್ಲಿನ ಪ್ರಜೆಗಳೇ ಆಗಿಬಿಟ್ಟಿದ್ದರು. ಅವರ ಒಬ್ಬಳೇ ಮಗಳು ತ್ರಿವೇಣಿ. ಅಲ್ಲಿಯೇ ಹುಟ್ಟಿದಳು. ಭಾವ ಮೊದಲು ತೀರಿಕೊಂಡ. ಅಕ್ಕ ಹನ್ನೊಂದು ವರ್ಷದ ಮಗಳನ್ನು ಕರೆದುಕೊಂಡು ತವರಿಗೆ ಬಂದು, ಮೂರು ತಿಂಗಳಿಗೆ ತಾನೂ ಹೊರಟುಹೋದಳು. ಹೋಗುವಾಗ ತಮ್ಮನ ಕೈ ಹಿಡಿದು, "ಇಕಿನ್ನ ನಿಮ್ಮಾಕಿ ಮಾಡ್ಕೊಳ್ಳೋ" ಎಂದಳು. ಗಾದಿಲಿಂಗಪ್ಪ ಹೂಂ ಎಂದ. ಮಗುವನ್ನು ತನ್ನವಳಾಗಿ ಮಾಡಿಕೊಳ್ಳಲು ಅವನಿಗೆ ಒಂದು ದಿನವೂ ಬೇಕಾಗಲಿಲ್ಲ. ಸರಕಾರಕ್ಕೆ ಹದಿನಾಲ್ಕು ವರ್ಷ ಸಾಲಲಿಲ್ಲ.

ಆ ವರ್ಷವೇ ಅವರು ಈ ಓಣಿಗೆ ಬಿಡಾರ ಬದಲಿಸಿದ್ದರು. ಹೆಂಡತಿ ಚೆನ್ನಬಸಮ್ಮ ಅಂದೇ ಕಟ್ಟಪ್ಪಣೆ ಮಾಡಿದಳು: "ಪರದೇಶದ ಕೂಸು ಅಂತ ಬಾಯಿ ಬಿಡಬ್ಯಾಡ್ರಿ. ನಾಳೆ ಕನ್ಯಾ ಕೇಳಾಕ ಬರೋರು ಹಿಂದ ಸರೀತಾರ. ದಾವಣಗೆರೆ ಕಡೆಯಾಕಿ ಅನ್ರಿ." ಗಾದಿಲಿಂಗಪ್ಪ ಹಾಗೇ ಅಂದ. ಹುಡುಗಿಯ ಕನ್ನಡ ಮೊದಲಲ್ಲಿ ಕೊಂಚ ವಿಚಿತ್ರವಾಗಿತ್ತು. ಎದುರು ಮನೆಯ ವಿರುಪಾಕ್ಷಪ್ಪ, ಸಕ್ಕರೆ ಕಾರ್ಖಾನೆಯ ಗುಮಾಸ್ತ, ಈಗ ನಿವೃತ್ತ, "ಇದು ದಾವಣಗೆರೆ ಕನ್ನಡ ಅಲ್ರಿ" ಎಂದು ತಕರಾರು ತೆಗೆದ. "ಹರಿಹರದ ರಸ್ತೆ ಕಡೆಯ ದಾವಣಗೆರೆ" ಎಂದು ಗಾದಿಲಿಂಗಪ್ಪ ಬಾಯಿ ಮುಚ್ಚಿಸಿದ. ವರ್ಷಕ್ಕೊಮ್ಮೆ ಬಳ್ಳಾರಿಯ ಪೊಲೀಸ್ ಕಚೇರಿಗೆ ಹೋಗಿ ಹುಡುಗಿಗೆ ಇರಲು ಅಪ್ಪಣೆ ಬರೆಸಿಕೊಂಡು ಬರಬೇಕಾಗಿತ್ತು. ಓಣಿಗೆ ಮಾತ್ರ, "ಹೊಟ್ಟಿಬ್ಯಾನಿ ಔಷಧ ತರಾಕ" ಎಂದು ಹೇಳಿದ್ದರು. ಹುಡುಗಿ ಓಣಿಯಲ್ಲಿ ಎಲ್ಲರಿಗಿಂತ ಗಟ್ಟಿಮುಟ್ಟಾಗಿದ್ದುದರಿಂದ ಆ ಔಷಧಕ್ಕೆ ಬಹಳ ಒಳ್ಳೆಯ ಹೆಸರು ಬಂದಿತ್ತು.

ತ್ರಿವೇಣಿ ಬಿ.ಎಡ್. ಮುಗಿಸಿದಳು. ಸಂಡೂರು ತಾಲ್ಲೂಕಿನ ಒಂದು ಸರಕಾರಿ ಶಾಲೆಗೆ ಶಿಕ್ಷಕಿಯಾಗಿ ಆಯ್ಕೆಯ ಪಟ್ಟಿಯಲ್ಲಿ ಹೆಸರೂ ಬಂತು. ದಾಖಲೆ ನೋಡುವ ದಿನ ಅಲ್ಲಿಯವರು ಜನ್ಮಪತ್ರ ನೋಡಿ ಕನ್ನಡಕ ತೆಗೆದರು. "ಮಾರ್ಚ್ ಮೂವತ್ತೊಂದರ ಒಳಗ ಭಾರತದ ಪ್ರಜೆ ಅಂತ ಪತ್ರ ತರಬೇಕಮ್ಮಾ. ಇಲ್ಲಾಂದ್ರ ನೌಕರಿ ಮುಂದಿನವರಿಗೆ" ಎಂದರು. ಪುಣ್ಯಕ್ಕೆ ಪೌರತ್ವದ ಅರ್ಜಿಯನ್ನು ಮೊದಲೇ ಹಾಕಿಯಾಗಿತ್ತು. ದೀಪಾವಳಿಯ ಹೊತ್ತಿಗೆ ಬಳ್ಳಾರಿಗೆ ಸಂದರ್ಶನಕ್ಕೆ ಕರೆ ಬಂತು.

ಸಂದರ್ಶನ ಮಾಡಿದ ಅಧಿಕಾರಿ ಸಮಾಧಾನದ ಮನುಷ್ಯರು. "ಭಾರತದ ಪ್ರಜೆ ಯಾಕ ಆಗಬೇಕಂತೀಯಮ್ಮಾ?" ಎಂದು ಕೇಳಿದರು.

"ಆಗೋದೇನೈತ್ರಿ ಸರ್, ಆಗೇ ಹದಿನಾಲ್ಕು ವರ್ಷ ಆತು. ಕಾಗದಕ್ಕೊಂದು ತಿಳಿಸೋದು ಉಳಿದೈತಿ" ಎಂದಳು ತ್ರಿವೇಣಿ.

ಅಧಿಕಾರಿ ನಕ್ಕರು. ಅಲ್ಲಿಗೆ ಎಲ್ಲ ಮುಗಿದಿತ್ತು. ಆದರೆ ಪಕ್ಕದಲ್ಲಿದ್ದ ಗಾದಿಲಿಂಗಪ್ಪನಿಗೆ, ಇಷ್ಟಕ್ಕೇ ಪೌರತ್ವ ಕೊಟ್ಟಾರೆಯೇ ಎಂದು ಭಯವಾಯಿತು. ಯಾರೂ ಕೇಳದೆ ಎದ್ದು ನಿಂತು ರಾಷ್ಟ್ರಗೀತೆ ಶುರುಮಾಡಿಬಿಟ್ಟ. ರಾಷ್ಟ್ರಗೀತೆ ಎಂದ ಮೇಲೆ ಕೂತಿರುವಂತಿಲ್ಲ. ಅಧಿಕಾರಿ ಎದ್ದರು. ಗುಮಾಸ್ತರು ಎದ್ದರು. ಚಹಾ ತಂದವನು ಕಿಟ್ಲಿ ಹಿಡಿದು ನೆಟ್ಟಗೆ ನಿಂತ. ವಿಂಧ್ಯ ಹಿಮಾಚಲದವರೆಗೆ ಸರಾಗ ಸಾಗಿದ ಗಾದಿಲಿಂಗಪ್ಪನಿಗೆ ಮುಂದಿನ ನದಿಗಳು ಮರೆತವು. ಅರ್ಧಕ್ಕೆ ನಿಲ್ಲಿಸಿದರೆ ದೇಶಕ್ಕೆ ಅವಮಾನ ಎಂದು ಮತ್ತೆ ಮೊದಲಿನಿಂದ ಹಿಡಿದ. ಮೂರು ಸಲ ಹಿಮಾಚಲ ಹತ್ತಿ ಮೂರು ಸಲವೂ ಅಲ್ಲಿಂದಲೇ ಇಳಿದ. ನಾಲ್ಕನೆಯ ಸಲ ತ್ರಿವೇಣಿ ದನಿಗೂಡಿಸಿ, ಯಮುನಾ ಗಂಗಾ ದಾಟಿಸಿ ದಡ ಸೇರಿಸಿದಳು.

ಅಧಿಕಾರಿ ಕೂತು ಬೆವರು ಒರೆಸಿಕೊಂಡರು. "ನೋಡ್ರಿ ಯಜಮಾನ್ರ, ದಿಲ್ಲಿಯಿಂದ ಒಪ್ಪಿಗೆ ಬರಬೇಕು. ಇಲ್ಲಿಂದ ಒಂದು ವಿಚಾರಣೆ ವರದಿ ಆಗಬೇಕು. ನಮ್ಮವರೊಬ್ರು ನಿಮ್ಮ ಓಣಿಗೆ ಬರ್ತಾರ. ಸಾದಾ ಬಟ್ಟ್ಯಾಗ ಬರ್ತಾರ, ತಾವು ಯಾರಂತ ಹೇಳೋದಿಲ್ಲ. ಅಕ್ಕಪಕ್ಕದವರಿಗೆ ಮೊದಲ ಹೇಳಿಕೊಟ್ಟು ಇಟ್ಟಿದ್ದು ಗೊತ್ತಾತಂದ್ರ ಅರ್ಜಿ ಅಲ್ಲೇ ತಿರಸ್ಕಾರ. ತಿಳೀತಿಲ್ಲೋ?"

"ನನ್ನ ನಾಲಿಗಿ ಸತ್ತೈತಂತ ತಿಳ್ಕೊಳ್ರಿ" ಎಂದ ಗಾದಿಲಿಂಗಪ್ಪ.

ಕಾರ್ತಿಕ ಕಳೆಯಿತು. ಸಂಕ್ರಾಂತಿ ಕಳೆಯಿತು. ದಿಲ್ಲಿಯೂ ಸುಮ್ಮನೆ, ಬಳ್ಳಾರಿಯೂ ಸುಮ್ಮನೆ. ಗಾದಿಲಿಂಗಪ್ಪ ಮಾತ್ರ ಸುಮ್ಮನಿರಲಿಲ್ಲ. ವಾರಕ್ಕೊಮ್ಮೆ ಫೈಲು ಕಂಕುಳಲ್ಲಿಟ್ಟುಕೊಂಡು ಬಳ್ಳಾರಿಗೆ ಹೋಗಿ, "ಬಂದಿಲ್ರಿ" ಎನ್ನಿಸಿಕೊಂಡು ಬರುತ್ತಿದ್ದ. ಉಳಿದ ದಿನ ಗುಪ್ತ ಅಧಿಕಾರಿಗಾಗಿ ಕಾಯುತ್ತಿದ್ದ. ಅವನನ್ನು ಗುರುತಿಸಲು ಒಂದು ಉಪಾಯವನ್ನೂ ಕಂಡುಹಿಡಿದಿದ್ದ. ಹೊಸಪೇಟೆಯಲ್ಲಿ ಅರ್ಧ ದಿನ ಕಳೆದ ಯಾವ ಅಂಗಿಯೂ ಬೆಳ್ಳಗೆ ಉಳಿಯದು. ಆದ್ದರಿಂದ ಯಾರ ಅಂಗಿ ಅಚ್ಚಬಿಳುಪೋ ಅವನು ಈಗಷ್ಟೇ ಹೊರಗಿನಿಂದ ಬಂದವನು. ಹೊರಗಿನಿಂದ ಬಂದು ಈ ಓಣಿಗೇ ಹೊಕ್ಕವನೆಂದರೆ ಸರಕಾರದವನೇ. ತರ್ಕ ಗಟ್ಟಿಯಾಗಿತ್ತು. ಬಿಳಿ ಅಂಗಿಯವನೊಬ್ಬ "ಕುಕ್ಕರ್ ರಿಪೇರಿ ಐತೇನ್ರಿ?" ಎಂದು ಕೇಳಿದಾಗ, "ನಮ್ಮ ಮ್ಯಾಲ ಯಾವ ಕೇಸೂ ಇಲ್ರಿ ಸಾಹೇಬ್ರ" ಎಂದು ಕುರ್ಚಿ ಹಾಕಿ ಎಳನೀರು ಕೊಟ್ಟ. ಕುಕ್ಕರಿನವನು ಎಳನೀರು ಕುಡಿದು, ಮರುದಿನ ತಮ್ಮನನ್ನೂ ಕಳಿಸಿದ.

ಇತ್ತ ಓಣಿಯ ತುದಿಯಲ್ಲಿ ಮಂಡಕ್ಕಿಯ ಒಗ್ಗರಣಿ ಮಂಡಾಳು, ಮಿರ್ಚಿ ಬಜ್ಜಿ ಮಾಡುವ ಭರಮಮ್ಮ ಇದನ್ನೆಲ್ಲ ನೋಡುತ್ತಿದ್ದಳು. ಗಾದಿಲಿಂಗಪ್ಪ ಸೊರಗುತ್ತಿದ್ದಾನೆ. ಮನೆಯಲ್ಲಿ ಬೆಳೆದ ಹುಡುಗಿ ಇದ್ದಾಳೆ. ವಾರವಾರ ಫೈಲು ಹಿಡಿದು ಬಳ್ಳಾರಿಗೆ ಹೋಗುತ್ತಾನೆ, ಮುಖ ಇಳಿಸಿಕೊಂಡು ಬರುತ್ತಾನೆ. ಇದಕ್ಕೆ ಏನರ್ಥ?

"ಫೈಲಿನ್ಯಾಗ ಜಾತಕ ಐತ್ರಿ," ಎಂದು ತೀರ್ಪು ಕೊಟ್ಟಳು ಭರಮಮ್ಮ. "ಎಲ್ಲೂ ಕೂಡಿ ಬರವಲ್ದು. ಬಾಯಿಬಿಟ್ಟು ಹೇಳಾಕ ಗಾದಿಲಿಂಗಣ್ಣಗ ನಾಚಿಕಿ."

ಹೇಳದವರ ಕಷ್ಟವನ್ನು ಪರಿಹರಿಸುವುದೇ ನಿಜವಾದ ನೆರೆಹೊರೆ. ಭರಮಮ್ಮ ಕಂಪ್ಲಿಯಲ್ಲಿದ್ದ ತಂಗಿಗೆ ಹೇಳಿಕಳಿಸಿದಳು. ಅಲ್ಲಿ ಅಕ್ಕಿ ಗಿರಣಿಯವರ ಮನೆಯಲ್ಲಿ ಮಲ್ಲೇಶನೆಂಬ ಒಳ್ಳೆಯ ವರ ಇತ್ತು. "ನಮ್ಮ ಹಿರಿಯರೊಬ್ರು ಸದ್ದಿಲ್ಲದ ಬಂದು ಮನಿತನ ವಿಚಾರಿಸಿಕೊಂಡು ಹೋಗ್ತಾರ, ಮನಿಯವರಿಗೆ ಈಗ ತಿಳಿಸಬ್ಯಾಡ್ರಿ" ಎಂದು ಉತ್ತರ ಬಂತು. ಕನ್ಯೆಯ ಮನೆ ನೋಡುವ ಮೊದಲು ಓಣಿಯಲ್ಲಿ ಗುಟ್ಟಾಗಿ ಕೇಳಿ ತಿಳಿಯುವುದು ನಮ್ಮ ಕಡೆಯ ಪದ್ಧತಿ. ಕೇಳಿದವರಿಗೆ ಕನ್ಯೆಯನ್ನು ಏರಿಸಿ ಹೇಳುವುದು ಓಣಿಯವರ ಧರ್ಮ. ಭರಮಮ್ಮ ವಿರುಪಾಕ್ಷಪ್ಪನನ್ನೂ ಉಳಿದವರನ್ನೂ ಕರೆದು, ಬಿಸಿ ಬಜ್ಜಿ ಕೊಟ್ಟು, ಎಲ್ಲರಿಂದ ಮಾತು ತೆಗೆದುಕೊಂಡಳು.

ಹೀಗೆ ಒಂದೇ ಓಣಿಗೆ ಇಬ್ಬರು ಗುಟ್ಟಿನ ವಿಚಾರಣೆಯವರು ಬರಬೇಕಾಗಿತ್ತು. ಇಬ್ಬರೂ ಫೆಬ್ರವರಿಯ ಒಂದೇ ವಾರದಲ್ಲಿ ಬಂದರು. ಹಂಪಿಯ ಪಂಪಾಪತಿ ದೇವರಿಗೆ ಆ ವಾರ ಬೇರೆ ಕೆಲಸ ಇರಲಿಲ್ಲವೆಂದು ಕಾಣುತ್ತದೆ.

ಸೋಮವಾರ ಕಂಪ್ಲಿಯ ಜಂಬುನಾಥಪ್ಪ ಬಂದರು. ಗಿರಣಿಯವರ ಚಿಕ್ಕಪ್ಪ, ಎಪ್ಪತ್ತರ ಹಿರಿಯರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕೊಡೆ, ಮೈಮೇಲೆ ಹಾಲಿನಂತಹ ಬಿಳಿ ಅಂಗಿ. ಭರಮಮ್ಮನ ಅಂಗಡಿಗೆ ಹೋಗಬೇಕಾದವರು, ಅಂದು ಅವಳು ಜಂಬುನಾಥ ದೇವರ ಗುಡ್ಡಕ್ಕೆ ಹೋಗಿದ್ದರಿಂದ, ತಾಡಪತ್ರಿ ಕೊಳ್ಳುವವರ ಹಾಗೆ ನೇರ ಅಂಗಡಿಗೇ ಬಂದು ಕೂತರು.

"ಮನ್ಯಾಗ ಎಷ್ಟು ಮಂದಿ ಅದೀರಿ?" ಎಂದು ಮೆಲ್ಲಗೆ ಶುರುಮಾಡಿದರು.

ಗಾದಿಲಿಂಗಪ್ಪನ ಸೂಜಿ ಕೈಜಾರಿತು. ಅಂಗಿ ನೋಡಿದ. ವಿಚಾರಣೆ ಬಂದೇಬಿಟ್ಟಿತು!

"ಮೂರ ಮಂದಿರಿ. ನಾನು, ನನ್ನ ಹೆಂಡ್ತಿ, ನಮ್ಮ ಅಕ್ಕನ ಮಗಳು ತ್ರಿವೇಣಿ. ಒಂದ ನಿಮಿಷ ಕುಂದ್ರಿ." ಒಳಗೆ ಓಡಿ ಫೈಲು ತಂದು ಅವರ ತೊಡೆಯ ಮೇಲೇ ಇಟ್ಟ. "ಯಾವುದನ್ನೂ ಮುಚ್ಚಿಟ್ಟಿಲ್ರಿ. ಹುಟ್ಟಿದ್ದು ಮಲೇಷ್ಯಾ. ಓಣಿಗೆ ದಾವಣಗೆರೆ ಅಂತ ಹೇಳಿದ್ದು ಸುಳ್ಳು, ಅದು ನನ್ನ ತಪ್ಪು. ವಯಸ್ಸು ಇಪ್ಪತ್ತೈದು ತುಂಬೈತಿ. ಪೊಲೀಸ್ ಕೇಸಿಲ್ಲ. ಇದು ಪೊಲೀಸರ ಪತ್ರ. ಅಂಟುಜಾಡ್ಯ ಇಲ್ಲ. ಇದು ಡಾಕ್ಟರದು. ರಕ್ತ ಬಿ ಪಾಸಿಟಿವ್. ಇವು ಹತ್ತೂ ಬೆರಳಿನ ಗುರುತು, ಇನ್ನೊಂದು ಪ್ರತಿ ನೀವು ಇಟ್ಕೊಳ್ರಿ."

ಜಂಬುನಾಥಪ್ಪ ಕನ್ನಡಕ ಹಾಕಿ ತೆಗೆದು ಮತ್ತೆ ಹಾಕಿದರು. ನಲವತ್ತು ವರ್ಷದಲ್ಲಿ ಅರವತ್ತು ಮದುವೆ ಕುದುರಿಸಿದವರು. ಜಾತಕ ತೋರಿಸಿದವರನ್ನು ಕಂಡಿದ್ದರು, ಬಂಗಾರ ತೋರಿಸಿದವರನ್ನು ಕಂಡಿದ್ದರು. ಬೆರಳಚ್ಚು ಕೊಟ್ಟವರನ್ನು ಕಂಡಿರಲಿಲ್ಲ.

"ಹುಡುಗಿ... ಅಡಿಗಿ ಗಿಡಿಗಿ?" ಎಂದರು ತೊದಲುತ್ತ.

ಸರಕಾರ ಇಷ್ಟು ಆಳಕ್ಕೆ ಇಳಿಯುತ್ತದೆಯೇ ಎಂದು ಗಾದಿಲಿಂಗಪ್ಪನಿಗೆ ಗೌರವ ಹೆಚ್ಚಿತು. ಎದೆಗೆ ಕೈಯಿಟ್ಟು, "ಖರೇ ಹೇಳ್ತೀನ್ರಿ, ರೊಟ್ಟಿ ಬಡಿಯಾಕ ಬರಂಗಿಲ್ಲ. ಉಪ್ಪಿಟ್ಟು ಎರಡು ಸಲ ಸೀಸ್ಯಾಳ. ಆದ್ರ ದೇಶದ ಮ್ಯಾಲ ಭಾಳ ಪ್ರೀತಿ ಐತ್ರಿ!" ಎಂದ.

ಜಂಬುನಾಥಪ್ಪ ಬೆರಳಚ್ಚನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು, ಕೊಡೆಯನ್ನು ಅಲ್ಲೇ ಮರೆತು ಹೊರಟುಹೋದರು. ಗಾದಿಲಿಂಗಪ್ಪ ದೇವರ ಮುಂದೆ ತುಪ್ಪದ ದೀಪ ಹಚ್ಚಿ, "ವಿಚಾರಣೆ ಮುಗೀತು" ಎಂದು ಹೆಂಡತಿಗೆ ಹೇಳಿ, ಬಿಳಿ ಅಂಗಿಗಳನ್ನು ನೋಡುವುದನ್ನು ಅಂದಿಗೆ ಬಿಟ್ಟ.

ಗುರುವಾರ ನಿಜವಾದ ವಿಚಾರಣಾಧಿಕಾರಿ ಹಾಲಸ್ವಾಮಿ ಬಳ್ಳಾರಿಯಿಂದ ಬಂದು, ಭರಮಮ್ಮನ ಅಂಗಡಿಯ ಬೆಂಚಿನ ಮೇಲೆ ಕೂತು, ಒಂದು ಪ್ಲೇಟು ಮಂಡಾಳು, ಎರಡು ಮಿರ್ಚಿ ಹೇಳಿದರು.

"ಈ ತಾಡಪತ್ರಿ ಗಾದಿಲಿಂಗಪ್ಪನವರ ಮನ್ಯಾಗ ತ್ರಿವೇಣಿ ಅಂತ ಹುಡುಗಿ ಅದಾಳಲ್ಲ, ಹೆಂಗ್ರಿ ಮಂದಿ?" ಎಂದು ಕೇಳಿದರು.

ಭರಮಮ್ಮನ ಜಾಲರಿ ಸೌಟು ಎಣ್ಣೆಯಲ್ಲೇ ನಿಂತಿತು. "ವಿರುಪಾಕ್ಷಣ್ಣಾ, ಬಾ ಇಲ್ಲೆ!" ಎಂದು ಕೂಗಿದಳು. ಅದು ಗೊತ್ತುಮಾಡಿಕೊಂಡ ಸನ್ನೆ. ವಿರುಪಾಕ್ಷಪ್ಪ ಓದುತ್ತಿದ್ದ ಪೇಪರು ಬಿಟ್ಟು ಬಂದ.

"ಹುಡುಗಿ ಬಂಗಾರರೀ," ಎಂದಳು ಭರಮಮ್ಮ, ಕೇಳದಿದ್ದರೂ ಮೂರನೆಯ ಮಿರ್ಚಿ ಹಾಕುತ್ತ. "ಇಪ್ಪತ್ತೊಂದು ಈಗ ನಡದೈತಿ. ಅದೂ ಆಶ್ವೀಜಕ್ಕ ತುಂಬತೈತಿ."

"ಹುಟ್ಟಿದ್ದು ಎಲ್ಲಿ?"

ದಾವಣಗೆರೆ ಎನ್ನಬೇಕು. ಆದರೆ ಕಂಪ್ಲಿಯವರಿಗೆ ದೂರದ ಸಂಬಂಧ ಹಿಡಿಸದು ಎಂದು ಅವಳ ತಂಗಿ ಹೇಳಿದ್ದಳು. "ಇಲ್ಲೇ, ಬುಕ್ಕಸಾಗರದಾಗ್ರಿ. ಭತ್ತದ ನಾಟಿ ನಡದಿತ್ತು. ಸೂಲಗಿತ್ತಿ ಸಿಗಲಿಲ್ಲ. ಈ ಕೈಯಾಗ ಹಿಡದೀನ್ರಿ ಕೂಸನ್ನ!" ಎಂದು ಹಿಟ್ಟು ಮೆತ್ತಿದ ಎರಡೂ ಕೈ ತೋರಿಸಿದಳು. ಹೇಳುತ್ತ ಹೇಳುತ್ತ ಅವಳಿಗೆ ನಿಜವಾಗಿಯೂ ಕಣ್ಣು ತುಂಬಿತು.

"ಊರು ಬಿಟ್ಟು ಹೊರಗೆಲ್ಲಾದ್ರೂ ಹೋಗ್ಯಾಳೇನು? ಪರದೇಶ ಗಿರದೇಶ?"

"ಪರದೇಶ!" ವಿರುಪಾಕ್ಷಪ್ಪ ನಕ್ಕ. "ಹೊಳಿ ದಾಟಿ ಆನೆಗೊಂದಿ ನೋಡಿಲ್ರಿ ಆ ಹುಡುಗಿ."

"ಅವರ ಮಾವಗ ಆಸ್ತಿ ಗೀಸ್ತಿ?"

ಇದಕ್ಕೇ ಕಾದಿದ್ದ ವಿರುಪಾಕ್ಷಪ್ಪ ಗಂಟಲು ಸರಿಮಾಡಿಕೊಂಡ. "ತಾಡಪತ್ರಿ ಅಂಗಡಿ ಬರೇ ಹವ್ಯಾಸರೀ. ಬುಕ್ಕಸಾಗರದಾಗ ನಲವತ್ತು ಎಕರೆ ಗದ್ದಿ. ಆರು ಲಾರಿ. ಸಂಡೂರಾಗ ಎರಡು ಗಣಿ."

ಭರಮಮ್ಮ ಅವನ ಪಕ್ಕೆ ತಿವಿದು, ದನಿ ತಗ್ಗಿಸಿ, "ಒಂದು ಸಾಕಾಗಿತ್ತಲ್ಲೋ" ಎಂದಳು.

"ಈ ಕಾಲದಾಗ ಒಂದ ಗಣಿ ಅಂದ್ರ ಯಾರು ಮರ್ಯಾದಿ ಕೊಡ್ತಾರ ಬೇ?" ಎಂದ ಅವನೂ ಅಷ್ಟೇ ಮೆಲ್ಲಗೆ.

ಹಾಲಸ್ವಾಮಿ ಬರೆದುಕೊಳ್ಳುತ್ತಲೇ ಮನೆಮನೆಗೂ ಹೋದರು. ಮೂರನೆಯ ಮನೆಯಲ್ಲಿ ಲಾರಿಗಳು ಆರಿದ್ದದ್ದು ಒಂಬತ್ತಾದವು. ಐದನೆಯ ಮನೆಯಲ್ಲಿ ಗಾದಿಲಿಂಗಪ್ಪನಿಗೆ ಗಾದಿಗನೂರಿನಲ್ಲಿ ಕಾರ್ಖಾನೆಯೊಂದರ ಪಾಲೂ ಬಂತು. ಓಣಿಯ ಇನ್ನೊಂದು ತುದಿ ಮುಟ್ಟುವ ಹೊತ್ತಿಗೆ ಹಾಲಸ್ವಾಮಿಯ ಬಿಳಿ ಅಂಗಿ ಕೆಂಪಾಗಿತ್ತು, ಪುಸ್ತಕ ತುಂಬಿತ್ತು, ಗಾದಿಲಿಂಗಪ್ಪ ಜಿಲ್ಲೆಗೆ ದೊಡ್ಡ ಸಾಹುಕಾರನಾಗಿದ್ದ. ಆ ಹೊತ್ತಿಗೆ ಸಾಹುಕಾರ ಅಂಗಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಹಳೆಯ ತಾಡಪತ್ರಿಗೆ ತೇಪೆ ಹಚ್ಚುತ್ತಿದ್ದ.

ಮಾರ್ಚ್ ಹನ್ನೆರಡಕ್ಕೆ ಬಳ್ಳಾರಿಯಿಂದ ಕರೆ ಬಂತು. ಪತ್ರ ಕೊಡಲು ಎಂದುಕೊಂಡು ಗಾದಿಲಿಂಗಪ್ಪ ಪೇಢೆಯ ಡಬ್ಬಿ ಹಿಡಿದೇ ಹೋದ. ಅದೇ ಅಧಿಕಾರಿ. ಈ ಸಲ ಅವರು ನಗಲಿಲ್ಲ.

"ದಿಲ್ಲಿಯಿಂದ ಒಪ್ಪಿಗೆ ಬಂದು ಹತ್ತು ದಿನ ಆತು. ಕೆಟ್ಟಿದ್ದು ನಿಮ್ಮ ಓಣ್ಯಾಗ. ಅರ್ಜಿಯೊಳಗ ಹುಟ್ಟಿದ್ದು ಇಪೋ ಅಂತ ಐತಿ. ವಿಚಾರಣೆಯೊಳಗ ಬುಕ್ಕಸಾಗರ. ಅರ್ಜಿಯೊಳಗ ಇಪ್ಪತ್ತೈದು, ಓಣ್ಯಾಗ ಇಪ್ಪತ್ತೊಂದು. ಕೂಸನ್ನ ಹಿಡದಾಕಿ ಭರಮಮ್ಮ ಅಂತ ಹೆಸರು ಸಹಿತ ಐತಿ. ಇಲ್ಲೇ ಹುಟ್ಟಿದ ಹುಡುಗಿಗೆ ಪೌರತ್ವ ಯಾಕ ಬೇಕು? ಇಲ್ಲಾ, ಬ್ಯಾರೆ ಹುಡುಗಿ ಕಾಗದದ ಮ್ಯಾಲ ಈಕಿನ್ನ ನಿಂದ್ರಸೀರೇನು?" ಅವರು ಹಾಳೆ ತಿರುಗಿಸಿದರು. "ಮ್ಯಾಲೆ ನಿಮ್ಮ ಎರಡು ಗಣಿ. ಲೈಸೆನ್ಸ್ ಎಲ್ಲೈತಿ?"

"ಗಣಿ ಯಾರ‍್ವು ಸ್ವಾಮಿ?" ಗಾದಿಲಿಂಗಪ್ಪ ಪೇಢೆಯ ಡಬ್ಬಿ ಅವಚಿಕೊಂಡು ಎದ್ದು ನಿಂತ. "ಕೊಡೆ ಹಿಡಕೊಂಡು ಬಂದಿದ್ದ ಸಾಹೇಬರಿಗೆ ಎಲ್ಲಾ ತೋರಿಸಿದ್ನಲ್ರಿ. ಬೆರಳಚ್ಚು ಸಹಿತ ಜೇಬಿನ್ಯಾಗ ಇಟ್ಕೊಂಡು ಹೋದ್ರು!"

"ನಮ್ಮ ಹಾಲಸ್ವಾಮಿ ಹತ್ರ ಕೊಡೀನ ಇಲ್ಲ. ನೋಡ್ರಿ, ಇನ್ನೊಂದ ಸಲ ವಿಚಾರಣೆಗೆ ಕಳಸ್ತೀನಿ. ಒಂದ ಸಲ. ಅದೂ ಹಿಂಗ ಬಂತಂದ್ರ ಅರ್ಜಿ ವಜಾ. ಹುಡುಗಿ ಇರಾಕ ಕೊಟ್ಟ ಅಪ್ಪಣೆಯೂ ಮತ್ತ ವಿಚಾರಕ್ಕ ಬರತೈತಿ."

ಗಾದಿಲಿಂಗಪ್ಪ ಪೇಢೆಯ ಡಬ್ಬಿಯನ್ನು ಬಸ್ಸಿನಲ್ಲಿ ಮರೆತು ಬಂದ. ಸಂಜೆ ಓಣಿಯನ್ನೆಲ್ಲ ಅಂಗಡಿಯ ಮುಂದೆ ಸೇರಿಸಿ, ತಾಡಪತ್ರಿಯ ಗಂಟಿನ ಮೇಲೆ ಹತ್ತಿ ನಿಂತ.

"ನನಗ ಗಣಿ ಯಾರ್ರಲೇ ಕೊಟ್ಟವ್ರು?" ಎಂದು ಕೂಗಿದ.

ಎಲ್ಲರೂ ವಿರುಪಾಕ್ಷಪ್ಪನ ಕಡೆ ನೋಡಿದರು. ವಿರುಪಾಕ್ಷಪ್ಪ ಆಕಾಶ ನೋಡಿದ. ಭರಮಮ್ಮ ಮುಂದೆ ಬಂದು, "ಸಿಟ್ಟಾಗಬ್ಯಾಡಪಾ ಗಾದಿಲಿಂಗಣ್ಣ. ಕಂಪ್ಲಿ ಅಕ್ಕಿ ಗಿರಣಿಯವರು, ಹುಡುಗನ ಕಡೆಯವರು, ಬಂದಿದ್ರು. ನಮ್ಮ ಹುಡುಗೀನ್ನ ನಾವ ಏರಿಸಿ ಹೇಳಲಿಲ್ಲಂದ್ರ ಯಾರು ಹೇಳ್ಬೇಕು?" ಎಂದಳು.

"ಅಂವ ಹುಡುಗನ ಕಡೆಯವನಲ್ಲ ಬೇ! ಸರಕಾರದವ!"

"ಹಂಗಾರ ಕಂಪ್ಲಿಯವರು?"

ಗಾದಿಲಿಂಗಪ್ಪ ಮೂಲೆಯಲ್ಲಿದ್ದ ಕೊಡೆಯನ್ನು ನೋಡಿದ. ಗಂಟಿನ ಮೇಲಿಂದ ಮೆಲ್ಲಗೆ ಇಳಿದು ನೆಲದ ಮೇಲೆ ಕೂತುಬಿಟ್ಟ. ತ್ರಿವೇಣಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ಮಾವ, ನನ್ನ ರಕ್ತದ ಗ್ರೂಪು ಅಕ್ಕಿ ಗಿರಣಿಯವರಿಗೆ ಕೊಟ್ಟಿಯೇನು?" ಎಂದಳು.

"ಬೆರಳಚ್ಚೂ ಕೊಟ್ಟಾರವ್ವಾ," ಎಂದಳು ಚೆನ್ನಬಸಮ್ಮ. "ಉಪ್ಪಿಟ್ಟು ಸೀಸಿದ್ದೂ ಹೇಳ್ಯಾರ. ನನ್ನ ಮದುವಿಗೆ ಮುಂಚೆ ಇವರ ಬಗ್ಗೆ ಹಿಂಗ ಯಾರಾದ್ರೂ ಖರೇ ಹೇಳಿದ್ರ, ನಾನು ಇವತ್ತು ಕೊಪ್ಪಳದಾಗ ಇರ್ತಿದ್ದೆ."

ಓಣಿ ಹೊಟ್ಟೆ ಹಿಡಿದು ನಕ್ಕಿತು. ನಗು ಇಳಿದ ಮೇಲೆ ಗಾದಿಲಿಂಗಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಇಪೋ, ತವರದ ಗಣಿ, ಅಕ್ಕ, ಹೊಟ್ಟೆನೋವಿಲ್ಲದ ಔಷಧ, ಮಾರ್ಚ್ ಮೂವತ್ತೊಂದು.

"ನಾ ಅವತ್ತ ಹೇಳಿದ್ದೆ, ಅದು ದಾವಣಗೆರೆ ಕನ್ನಡ ಅಲ್ಲ ಅಂತ!" ಎಂದು ಹದಿನಾಲ್ಕು ವರ್ಷದ ಮೇಲೆ ವಿರುಪಾಕ್ಷಪ್ಪ ಗೆದ್ದ. ಯಾರೂ ಅವನ ಗೆಲುವಿನ ಕಡೆ ಲಕ್ಷ್ಯ ಕೊಡಲಿಲ್ಲ.

ತ್ರಿವೇಣಿ ಭರಮಮ್ಮನ ಪಕ್ಕಕ್ಕೆ ಬಂದು ಕೂತಳು. "ಅರ್ಜಿ ವಜಾ ಆದ್ರ ನೌಕರಿ ಹೋಗತೈತಿ, ಹೋಗ್ಲಿ. ಆಮ್ಯಾಲೆ ನನ್ನ ಆ ದೇಶಕ್ಕ ಕಳಿಸಿದ್ರ ಏನ್ಮಾಡ್ಲಿ ಅತ್ತಿ? ಅಲ್ಲಿ ನನಗ ಒಂದು ಮನಿ ಬಾಗಿಲಾನೂ ಗೊತ್ತಿಲ್ಲ" ಎಂದಳು.

ಭರಮಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು. "ಯಾರು ಕಳಸ್ತಾರ ನೋಡ್ತೀನಿ. ಈ ಸಲ ಒಬ್ಬರೂ ಸುಳ್ಳು ಹೇಳಂಗಿಲ್ಲ. ಖರೇ. ಬರೇ ಖರೇ. ಕೇಳಿದಿ ಏನೋ ವಿರುಪಾಕ್ಷಿ?"

ಸುಳ್ಳಿಗೆ ಒಂದು ಮಿತಿ ಇದೆ. ಹೇಳುವವನು ಅದನ್ನು ನೆನಪಿಟ್ಟುಕೊಳ್ಳಬೇಕಾಗುತ್ತದೆ. ನಿಜಕ್ಕೆ ಆ ಮಿತಿಯೂ ಇಲ್ಲ. ಹಾಲಸ್ವಾಮಿ ಎರಡನೆಯ ಸಲ ಬಂದು ಅದೇ ಬೆಂಚಿನ ಮೇಲೆ ಕೂತಾಗ ಈ ಮಾತು ಅವರಿಗೆ ಅರಿವಾಯಿತು.

"ಗಾದಿಲಿಂಗಪ್ಪಗ ಎಷ್ಟು ಗಣಿ?"

"ಗಣಿ ಎಲ್ಲೀವ್ರಿ! ಹಿತ್ತಲದಾಗ ಒಂದು ಬಾವಿ ಐತಿ, ಅದೂ ಬತ್ತೈತಿ" ಎಂದ ವಿರುಪಾಕ್ಷಪ್ಪ. "ಗದ್ದಿ ಇಲ್ಲ. ಲಾರಿ ಇಲ್ಲ. ಲಾರಿಯ ಹೊದಿಕಿ ಮಾತ್ರ ಅವಂದು, ಅದೂ ಹೊಲಿದು ಕೊಡೋ ತನಕ. ಇನ್ನೊಂದು ಮಾತ್ರೀ ಸಾಹೇಬ್ರ. ಕಾರ್ಖಾನ್ಯಾಗ ನಾನು ವಯಸ್ಸು ಎರಡು ವರ್ಷ ಕಡಿಮಿ ಬರಸಿದ್ದೆ."

"ಅದನ್ನ ನಾನು ಕೇಳಿಲ್ಲ."

"ಬರಕೊಳ್ರಿ, ಮನಸು ಹಗುರ ಆಗತೈತಿ."

"ನಾನು ನಿನ್ನಿ ಎಣ್ಣಿಗೆ ಇವತ್ತಿಂದು ಕೂಡಸ್ತೀನ್ರಿ" ಎಂದಳು ಭರಮಮ್ಮ. ಹಾಲಸ್ವಾಮಿ ಕೈಯಲ್ಲಿದ್ದ ಮಿರ್ಚಿಯನ್ನು ನೋಡಿ ತಟ್ಟೆಗಿಟ್ಟರು. ಅಷ್ಟರಲ್ಲಿ ಓಣಿಯವರು ಸಾಲುಗಟ್ಟಿದ್ದರು. ಒಬ್ಬ ಪಕ್ಕದವನ ಕೋಳಿ ಕದ್ದದ್ದನ್ನು ಒಪ್ಪಿಕೊಂಡ. ಪಕ್ಕದವನು ಅದೇ ಸಾಲಿನಲ್ಲಿ ಹಿಂದೆ ನಿಂತಿದ್ದ. ಇಬ್ಬರಿಗೂ ಕೈಕೈ ಹತ್ತಿತು. ಇನ್ನೊಬ್ಬ ಗಣಿಯ ಡೀಸೆಲ್ ವಿಷಯ ತೆಗೆಯಲು ಬಾಯಿ ತೆರೆದ.

"ನಿಲ್ಲಿಸ್ರಪಾ!" ಹಾಲಸ್ವಾಮಿ ಎದ್ದು ನಿಂತರು. "ನಾನು ಒಬ್ಬ ಹುಡುಗಿ ಬಗ್ಗೆ ಕೇಳಾಕ ಬಂದೀನಿ. ಅಕಿ ಹುಟ್ಟಿದ್ದು ಎಲ್ಲಿ?"

"ಇಪೋ!" ಎಂದಿತು ಓಣಿ ಒಕ್ಕೊರಲಿನಲ್ಲಿ.

"ನೀವು ನೋಡೀರೇನು?"

"ಇಲ್ಲ!"

"ಮತ್ತ ಹ್ಯಾಂಗ ಗೊತ್ತು? ಹ್ವಾದ ಸಲ ಕೈಯಾಗ ಹಿಡದೀನಿ ಅಂದ್ರಿ. ಈ ಸಲ ಗಾದಿಲಿಂಗಪ್ಪ ಹೇಳಿಕೊಟ್ಟದ್ದನ್ನ ಹೇಳಾಕತ್ತೀರಿ. ನಾನು ಏನಂತ ಬರೀಲಿ?"

ಗಾದಿಲಿಂಗಪ್ಪ ಅಂಗಡಿಯಿಂದಲೇ ಇದನ್ನು ನೋಡಿದ. ಹಾಲಸ್ವಾಮಿ ಪುಸ್ತಕ ಮುಚ್ಚುತ್ತಿದ್ದರು.

"ಎಲ್ಲಿ ಹುಟ್ಟಿದ್ಲು ಅಂಬೋದು ನನಗ ಗೊತ್ತಿಲ್ಲ ಬಿಡ್ರಿ," ಎಂದಳು ಭರಮಮ್ಮ. "ಇಲ್ಲಿ ಹುಟ್ಟಿಲ್ಲ ಅಂಬೋದು ಗೊತ್ತೈತಿ. ಬಂದ ಮೊದಲನೇ ದಿನ ನಮ್ಮ ಅಂಗಡಿಗೆ ಬಂದು ಒಂದು ಮಿರ್ಚಿ ತಗೊಂಡ್ಲು. ತಗೊಂಡು ನನ್ನ ಮಾರಿ ನೋಡಿ 'ಥ್ಯಾಂಕ್ಯೂ' ಅಂದ್ಲು. ಮೂವತ್ತು ವರ್ಷ ಬಜ್ಜಿ ಕರದೀನ್ರಿ. ಈ ಊರಾಗ ಹುಟ್ಟಿದ ಒಂದು ನರಪಿಳ್ಳೆ ನನಗ ಥ್ಯಾಂಕ್ಯೂ ಅಂದಿಲ್ಲ. ಬೈದ್ಲೇನೋ ಅಂತ ಅವರ ಮನಿತನಕ ಜಗಳಕ್ಕ ಹೋಗಿದ್ದೆ!"

ಹಾಲಸ್ವಾಮಿಯ ಮೀಸೆ ಅಲುಗಿತು. "ಈಗ ಅಂತಾಳೇನು?"

"ಈಗೆಲ್ಲೀದ್ರಿ! 'ಏನ್ ಅತ್ತಿ, ಮಿರ್ಚಿ ದಿನಾ ಸಣ್ಣ ಆಗಾಕತ್ತೈತಿ, ಇನ್ನೊಂದು ಒಗಿ' ಅಂತಾಳ."

ಹಾಲಸ್ವಾಮಿ ಮತ್ತೆ ಕೂತರು. ಪುಸ್ತಕ ತೆರೆದು, ಮಾತಿಗೆ ಮಾತು ಸೇರಿಸಿ ಇದನ್ನು ಬರೆದುಕೊಂಡರು. ಬರೆದು, "ಹೊರಗ ಹುಟ್ಟಿದ್ದಕ್ಕೂ ಇದ ಸಾಕ್ಷಿ, ಇಲ್ಲಿಯಾಕಿ ಆಗಿದ್ದಕ್ಕೂ ಇದ ಸಾಕ್ಷಿ. ನನಗ ಇನ್ನೇನೂ ಬ್ಯಾಡ" ಎಂದರು. ತಟ್ಟೆಯಲ್ಲಿಟ್ಟಿದ್ದ ಮಿರ್ಚಿಯನ್ನು, ಎಣ್ಣೆಯ ವಿಷಯ ಗೊತ್ತಿದ್ದೂ, ತಿಂದು ಎದ್ದರು.

ಅದೇ ವಾರ ಕಂಪ್ಲಿಯಿಂದ ಒಂದು ದಪ್ಪ ಲಕೋಟೆ ಬಂತು. ಅದರಲ್ಲಿ ಮಲ್ಲೇಶನ ಪೊಲೀಸ್ ಪತ್ರ, ಡಾಕ್ಟರ ಪತ್ರ, ರಕ್ತದ ಗ್ರೂಪು, ಹತ್ತು ಬೆರಳಿನ ಗುರುತು. ಜೊತೆಗೆ ಜಂಬುನಾಥಪ್ಪನವರ ಕೈಬರಹ: "ತಮ್ಮ ಮನೆತನದ ಪದ್ಧತಿಯಂತೆ ನಮ್ಮ ಕಡೆಯದನ್ನೂ ಕಳಿಸಿದ್ದೇವೆ. ಹುಡುಗನಿಗೆ ಚಹಾ ಮಾಡಲೂ ಬರುವುದಿಲ್ಲ." ತ್ರಿವೇಣಿ ಕೊನೆಯ ಸಾಲನ್ನು ಎರಡು ಸಲ ಓದಿ, "ಮೊದಲು ಶಾಲಿಗೆ ಹಾಜರಾಗ್ತೀನಿ, ಆಮ್ಯಾಲೆ ನೋಡೋಣು" ಎಂದಳು. ಚೆನ್ನಬಸಮ್ಮ ಲಕೋಟೆಯನ್ನು ಜೋಪಾನವಾಗಿ ದೇವರ ಮಾಡದಲ್ಲಿಟ್ಟಳು.

ಮಾರ್ಚ್ ಮೂವತ್ತಕ್ಕೆ ಬಳ್ಳಾರಿಯಲ್ಲಿ ತ್ರಿವೇಣಿ ಪ್ರಮಾಣವಚನ ತೆಗೆದುಕೊಳ್ಳಬೇಕು. ಓಣಿಯೇ ಟೆಂಪೋ ಮಾಡಿಕೊಂಡು ಹೊರಟಿತು. ಕಚೇರಿಯ ಕೋಣೆಯಲ್ಲಿ ನಾಲ್ಕು ಕುರ್ಚಿ ಇದ್ದವು, ಇಪ್ಪತ್ತಾರು ಮಂದಿ ಹೊಕ್ಕರು. ಗಾದಿಲಿಂಗಪ್ಪ ಬಾಯಿ ತೆರೆಯುವ ಮೊದಲೇ ಅಧಿಕಾರಿ ಕೈಯೆತ್ತಿ, "ರಾಷ್ಟ್ರಗೀತೆ ಬ್ಯಾಡ ಯಜಮಾನ್ರ, ಆಗೈತಿ" ಎಂದರು.

ತ್ರಿವೇಣಿ ಹಾಳೆ ಹಿಡಿದು ನಿಂತಳು. "ನಾನು, ತ್ರಿವೇಣಿ..." ಎಂದು ಶುರುಮಾಡಿದಳು. ಬೆನ್ನ ಹಿಂದೆ ಗುಡುಗಿನ ಹಾಗೆ ಒಂದು ಸದ್ದು ಎದ್ದಿತು. ಮಠದಲ್ಲಿ ಸ್ವಾಮಿಗಳು ಮಂತ್ರ ಹೇಳಿದರೆ ಕೂತವರೆಲ್ಲ ಹೇಳುವುದು ಓಣಿಯವರ ರೂಢಿ. ಒಬ್ಬೊಬ್ಬರೂ ಕೈಮುಗಿದು, ತಮ್ಮ ತಮ್ಮ ಹೆಸರು ಹಿಡಿದು, ಭಾರತದ ಸಂವಿಧಾನಕ್ಕೆ ನಿಜವಾದ ಶ್ರದ್ಧೆ, ನಿಷ್ಠೆ ಇಡುತ್ತೇನೆ ಎನ್ನುತ್ತಿದ್ದರು. ಗಾದಿಲಿಂಗಪ್ಪ ಮಾತ್ರ ಅಕ್ಕನ ಹೆಸರು ಹಿಡಿದು ಹೇಳುತ್ತಿದ್ದ.

"ಅಲ್ರೀ, ನೀವೆಲ್ಲಾ ಯಾಕ ಹೇಳಾಕತ್ತೀರಿ?" ಎಂದು ಅಧಿಕಾರಿ ನಡುವೆ ತಡೆದರು. "ನೀವು ಹುಟ್ಟಿದಾಗಿಂದ ಭಾರತದವರ ಅಲ್ಲೇನು?"

"ಇರಬಹುದ್ರಿ ಸಾಹೇಬ್ರ," ಎಂದಳು ಭರಮಮ್ಮ, ಮುಗಿದ ಕೈ ಬಿಡದೆ. "ಆದ್ರ ನಮ್ಮನ್ನ ಇಷ್ಟು ದಿನ ಯಾರೂ ಕೇಳಿದ್ದಿಲ್ಲಲ್ರಿ."

ಅಧಿಕಾರಿ ಕುರ್ಚಿ ಬಿಟ್ಟು ಎದ್ದು ನಿಂತು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು.

"ತ್ರಿವೇಣಿ, ಮೊದಲಿಂದ ಹೇಳಮ್ಮಾ," ಎಂದರು. "ಸಾವಕಾಶ ಹೇಳು. ಹಿಂದ ನಿಂತವರಿಗೆ ಕೇಳ್ಸಬೇಕು."